ದೊಡ್ಡೀರಜ್ಜನ ಎಳೆ

ಗುಡ್ಡದಲ್ಲಿ ಕಲ್ಲಿಗಿಂತ ದನಗಳೇ ಹೆಚ್ಚಿದ್ದವಂತೆ, ಅಂಥ ಕಾಲದಲ್ಲಿ ಒಂದು ಊರಿತ್ತು. ಆ ಊರಲ್ಲಿ ದೊಡ್ಡೀರಜ್ಜ ಅಂತ ಒಬ್ಬನಿದ್ದ. ಹೋರಿಗಳಿಗೆ ಮೂಗು ಚುಚ್ಚಿ ಮೂಗುದಾರ ಹಾಕುವುದೇ ಅವನ ಕಸುಬು. ಅವನ ಕೈ ಎಷ್ಟು ಹಗುರವೆಂದರೆ, ಮೆಲುಕು ಹಾಕುವ ಹೋರಿ ಮೆಲುಕು ನಿಲ್ಲಿಸುವುದರೊಳಗೆ ದಾರ ಹಾಕಿ ಮುಗಿಸುತ್ತಿದ್ದನಂತೆ. ಹೇಳುವವರು ಹೇಳುತ್ತಾರೆ, ನಾವು ಕೇಳಬೇಕು. ಆದರೆ ಆ ಕೈ ಮೊದಲು ಹಾಗಿರಲಿಲ್ಲ. ಅದನ್ನು ಹಗುರ ಮಾಡಿದ್ದು ಕೆಂದ ಎಂಬ ಕರು.

ಕೆಂದ ಕಾಟಯ್ಯನ ಮನೆಯ ಹೋರಿಗರು. ಬೆಳಗ್ಗೆ ದೊಡ್ಡ ಎತ್ತುಗಳು ಗೆಜ್ಜೆ ಕುಣಿಸುತ್ತ ಗಾಡಿ ಎಳೆದುಕೊಂಡು ಹೊರಟವೆಂದರೆ ಇವನು ಗೂಟ ಕಿತ್ತು ಬರುವ ಹಾಗೆ ಜಗ್ಗುತ್ತಿದ್ದ. ತನಗೂ ಗೆಜ್ಜೆ ಬೇಕು, ತಾನೂ ಊರಾಚೆ ಹೋಗಬೇಕು. ಸಂಜೆಯಾದರೆ ಮಾತ್ರ ತಾಯಿ ಬೆಳ್ಳಿಯ ಮಗ್ಗುಲೇ ಬೇಕು. ಹಾಲು ಬಿಟ್ಟು ಯಾವ ಕಾಲವಾಗಿದ್ದರೂ ಅವಳ ಕೆಚ್ಚಲಿಗೆ ಮೂತಿ ಹಾಕಿ ಒದೆ ತಿನ್ನುತ್ತಿದ್ದ. ದೊಡ್ಡವನಾಗುವ ಆಸೆ ಬೆಟ್ಟದಷ್ಟು, ಧೈರ್ಯ ಸಾಸಿವೆಯಷ್ಟು.

ಅದಕ್ಕೆ ಕಾರಣವೂ ಇತ್ತು. ಜೊತೆಗೆ ಆಡುತ್ತಿದ್ದ ಪಕ್ಕದ ಮನೆಯ ಕರು ಮಚ್ಚನನ್ನು ಹತ್ತಾರು ಕೈಗಳು ನೆಲಕ್ಕೆ ಕೆಡವಿದ್ದನ್ನು, ದೊಡ್ಡೀರಜ್ಜ ಅವನ ಮೂಗಿಗೆ ದಬ್ಬಳ ಚುಚ್ಚಿದ್ದನ್ನು ಕೆಂದ ಕಣ್ಣಾರೆ ನೋಡಿದ್ದ. ಆಮೇಲೆ ಮಚ್ಚ ಆಡಲು ಬರಲಿಲ್ಲ. ಹೊಸ ಗೆಜ್ಜೆ ಕಟ್ಟಿಕೊಂಡು ಎದುರಿಗೆ ಹಾದುಹೋದರೂ ಇವನ ಕಡೆ ತಿರುಗಲಿಲ್ಲ. ಹಾಲುಹಲ್ಲು ಬಿದ್ದ ಕರುವಿಗೆ ಮೂಗುದಾರ, ಅದು ಆ ಊರ ಕಟ್ಟಳೆ.

ಒಂದು ಬೆಳಗ್ಗೆ ಕೆಂದನ ಮುಂದಿನ ಹಲ್ಲು ಅಲುಗಾಡಿತು.

ಹುಲ್ಲು ಕಚ್ಚಿದರೆ ಹಲ್ಲು ಬೀಳುತ್ತದೆ, ಹಲ್ಲು ಬಿದ್ದರೆ ದಬ್ಬಳ ಬರುತ್ತದೆ. ಹುಲ್ಲು ಬಿಟ್ಟ. ಹಿಂಡಿ ಬಿಟ್ಟ. ಬೆಳ್ಳಿ ನೆಕ್ಕಲು ಬಂದರೆ ಮುಖ ತಿರುಗಿಸಿದ. ಪಕ್ಕೆಲುಬು ಎಣಿಸುವ ಹಾಗಾದರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲೂ ಗೆಜ್ಜೆ ಸದ್ದು ಕೇಳಿದರೆ ಕಿವಿ ನಿಮಿರುತ್ತಿತ್ತು, ಅದೇ ಅವನ ಸಂಕಟ.

ಕಾಟಯ್ಯನಿಗೆ ಗಾಬರಿ. ಕರು ಉಳಿಯುವುದಿಲ್ಲ ಅಂದುಕೊಂಡ. ಮೇವು ಬಿಟ್ಟ ದನಕ್ಕೆ ಹೊಟ್ಟೆಯ ಮೇಲೆ ಬರೆ ಹಾಕಬೇಕು, ಅದೂ ಕಟ್ಟಳೆಯೇ. ಒಲೆಯಲ್ಲಿ ಕುಡುಗೋಲು ಕೆಂಪಗೆ ಕಾಯುತ್ತಿತ್ತು. ಅದುಮಿ ಹಿಡಿಯಲು ದೊಡ್ಡೀರಜ್ಜನನ್ನೇ ಕರೆಸಿದರು. ಅವನನ್ನು ಕಂಡದ್ದೇ ಕೆಂದ ನಿಂತಲ್ಲೇ ಉಚ್ಚೆ ಹೊಯ್ದ. ಹಿಡಿಯಲು ಬಗ್ಗಿದ ಅಜ್ಜನಿಗೆ ಜೊಲ್ಲಿನಲ್ಲಿ ರಕ್ತ ಕಂಡಿತಂತೆ. ಬಾಯಿಯ ಮೂಲೆಗೆ ಹೆಬ್ಬೆರಳು ಹಾಕಿ ನೋಡಿದ.

"ಕುಡ್ಲು ಇಳಿಸೋ ಕಾಟಯ್ಯ. ಇದಕ್ಕೆ ಹೊಟ್ಟೆನೋವೂ ಇಲ್ಲ, ಗಾಳಿನೂ ಇಲ್ಲ. ಹಲ್ಲು ಬೀಳ್ತೈತೆ, ಅದಕ್ಕೇ ಬಾಯಿ ಮುಚ್ಕಂಡೈತೆ. ಇದರ ರೋಗ ನಾನೇ ಕಣೋ."

ಹಲ್ಲು ಅವನ ಅಂಗೈಗೆ ಬಿತ್ತು. ಇಷ್ಟು ಕರುಗಳ ಮೂಗು ಚುಚ್ಚಿದೆ, ಒಂದರ ಕಣ್ಣನ್ನಾದರೂ ನೋಡಲಿಲ್ಲವಲ್ಲ ಅಂತ ಅಜ್ಜನಿಗೆ ಬಹಳ ನಾಚಿಕೆಯಾಯಿತಂತೆ.

ಹಾಗಂತ ಮೂಗುದಾರವಿಲ್ಲದ ಹೋರಿಯನ್ನು ಊರಲ್ಲಿ ಯಾರು ಕಟ್ಟಿಕೊಂಡಾರು? ಅಜ್ಜ ಕೊಟ್ಟಿಗೆಯಲ್ಲೇ ಕೂತ. ಬೆಳ್ಳಿಯ ಬಾಲದ ಕೂದಲು ತೆಗೆದು, ನಾರಿನ ಜೊತೆ ಸೇರಿಸಿ ಮೂಗುದಾರ ಹೊಸೆದ. ಅದನ್ನು ಕೆಂದನ ಮೂತಿಗೆ ಎಟುಕುವ ಹಾಗೆ ತೂಗುಹಾಕಿದ. ದಬ್ಬಳ ಬಿಟ್ಟು ಬರಿಗೈಯಲ್ಲಿ ದಿನಾ ಬಂದು ಮೂಗು ಸವರಿ ಹೋಗುತ್ತಿದ್ದ. ಕೆಂದ ದಾರವನ್ನು ಮೂಸಿದ. ತಾಯಿಯ ವಾಸನೆ. ಹುಲ್ಲಿಗೆ ಬಾಯಿ ಹಾಕಿದ.

ಆಮೇಲೆ ಒಂದು ದಿನ ಕೆಂದ ತಾನಾಗಿ ಮೂಗು ಚಾಚಿದ, ಒಂದು ಹನಿ ರಕ್ತವೂ ಬರಲಿಲ್ಲ ಅನ್ನುತ್ತಾರೆ. ನಾನಂತೂ ನಂಬುವುದಿಲ್ಲ. ನೋವು ನೋವೇ, ಕೂಗಿಯೇ ಇರುತ್ತಾನೆ. ಆದರೆ ಅವನನ್ನು ಯಾರೂ ನೆಲಕ್ಕೆ ಕೆಡವಲಿಲ್ಲ, ಅದು ನಿಜ.

ಗಾಯ ಮಾಗಿದ ಮೇಲೆ ಗೆಜ್ಜೆ ಬಂತು. ನೊಗಕ್ಕೆ ಹೆಗಲು ಕೊಟ್ಟು ಹೊರಟ ಕೆಂದ ಊರ ತಿರುವಿನಲ್ಲಿ ನಿಂತುಬಿಟ್ಟ. ಹಿಂದೆ ಕೊಟ್ಟಿಗೆ ಕಾಣುತ್ತಿರಲಿಲ್ಲ, ಮುಂದೆ ಯಾವ ಊರೋ ಏನೋ. ಅಂಬಾ ಅಂದ. ಉತ್ತರ ಕೇಳಿಸಲಿಲ್ಲ. ನಾಲಗೆ ಚಾಚಿ ಮೂಗುದಾರವನ್ನು ನೆಕ್ಕಿದ, ಇನ್ನೊಮ್ಮೆ ನೆಕ್ಕಿದ. ಹೆಜ್ಜೆ ಎತ್ತಿಟ್ಟ.

ಅವತ್ತಿನಿಂದ ದೊಡ್ಡೀರಜ್ಜ ಬೇರೆ ಥರದ ದಾರ ಹೊಸೆಯಲೇ ಇಲ್ಲವಂತೆ. ಇವತ್ತಿಗೂ ಆ ಕಡೆಯವರು ಮೂಗುದಾರಕ್ಕೆ ತಾಯಿಯ ಬಾಲದ ಕೂದಲು ಸೇರಿಸುತ್ತಾರೆ. ದೊಡ್ಡೀರಜ್ಜನ ಎಳೆ ಅನ್ನುತ್ತಾರೆ. ತಾಯಿ ಸತ್ತ ಕರುವಾದರೆ, ಮನೆಯ ಹೆಂಗಸು ತುರುಬು ಬಿಚ್ಚಿ ತನ್ನದೇ ಒಂದು ಕೂದಲು ಕೊಡುತ್ತಾಳೆ.