ಎದುರಾಳಿಯ ಕೊಳ

ಯೆಮನ್ ದೇಶದ ಬೆಟ್ಟಸೀಮೆಯಲ್ಲಿ ಹಿಸ್ನ್ ಶಾಮಿಖ್ ಎಂಬ ಕೋಟೆಯೂರು ಇದೆ. ಕೆಳಗೆ ಕಣಿವೆಯಲ್ಲಿ ಜೋಳದ ಹೊಲಗಳು, ಅದರಾಚೆ ಕಡಿದಾದ ಬಂಡೆ, ಬಂಡೆಯ ನೆತ್ತಿಯ ಮೇಲೆ ಅದೇ ಕಲ್ಲಿನಲ್ಲಿ ಕಟ್ಟಿದ ನಾಲ್ಕೈದು ಅಂತಸ್ತಿನ ಮನೆಗಳು. ದೂರದಿಂದ ನೋಡುವವರಿಗೆ ಬೆಟ್ಟ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಮೇಲೇರಲು ಕಲ್ಲು ಹಾಸಿದ ಒಂದೇ ದಾರಿ, ಒಳಹೋಗಲು ಒಂದೇ ಹೆಬ್ಬಾಗಿಲು. ಬಾಗಿಲು ದಾಟಿ ಮಸೀದಿಯ ಮಗ್ಗುಲಿಗೆ ಹೊರಳಿದರೆ, ನಮ್ಮ ಕಡೆಯ ಕಲ್ಯಾಣಿಗಳನ್ನು ನೆನಪಿಸುವ ದೊಡ್ಡದೊಂದು ಕೊಳ. ಅದನ್ನು ಬಿರ್ಕತ್ ಅಲ್-ಖಸ್ಮ್ ಎನ್ನುತ್ತಾರೆ. ಎಂದರೆ ಎದುರಾಳಿಯ ಕೊಳ. ಊರಿಗೆಲ್ಲ ನೀರು ಕೊಡುವ ಕೊಳಕ್ಕೆ ಇಂಥ ಹೆಸರು ಏಕೆ ಬಂತೆಂದು ಕೇಳಿದ್ದಕ್ಕೆ, ನನ್ನ ಜೊತೆ ಬಂದಿದ್ದ ಮುತಹ್ಹರ್ ಎಂಬ ಹಿರಿಯರು ಮೆಟ್ಟಿಲ ಮೇಲೆ ಕುಳಿತು ಹೇಳಿದ ಸಂಗತಿ ಇದು.

ಹಿಂದೆ ಒಮ್ಮೆ, ಮಳೆ ತಪ್ಪಿದ ವರ್ಷವೊಂದರಲ್ಲಿ, ಕರಾವಳಿಯ ದಳಪತಿಯೊಬ್ಬ ಈ ಊರಿಗೆ ಮುತ್ತಿಗೆ ಹಾಕಿದನಂತೆ. ಆಗ ಕೋಟೆಯ ಒಡೆಯ ನಶ್ವಾನ್ ಎಂಬವನು. ಹೆಬ್ಬಾಗಿಲ ಮುಂದಿನ ಮೊದಲ ಕಾಳಗದಲ್ಲೇ ಊರಿನ ಹಲವು ತರುಣರು ಸತ್ತರು. ಅವರಲ್ಲಿ ತಖಿಯ್ಯಾ ಎಂಬ ವಿಧವೆಯ ಒಬ್ಬನೇ ಮಗ ಗಾಲಿಬನೂ ಇದ್ದ. ಬಾಗಿಲು ಮುರಿಯಲಾಗದೆ ದಳಪತಿ ಕಣಿವೆಯಲ್ಲಿ ಡೇರೆ ಹಾಕಿ ಕುಳಿತ. ಮೇಲಿನವರ ನೀರು ಮುಗಿಯುವ ತನಕ ಕಾಯುವುದು ಅವನ ಲೆಕ್ಕಾಚಾರ. ಅವನಿಗೆ ತಿಳಿಯದ ಸಂಗತಿಯೊಂದಿತ್ತು. ಕೊಳದ ಪೂರ್ವ ಮೂಲೆಯ ಗಾರೆ ಬಿರುಕು ಬಿಟ್ಟು ನೀರು ಬಂಡೆಯೊಳಗೆ ಸೋರಿಹೋಗುತ್ತಿತ್ತು. ಆ ಗಾರೆಯ ಕೆಲಸ ಬಲ್ಲವನೆಂದರೆ ಊರಿನಲ್ಲಿ ತಖಿಯ್ಯಾಳ ಗಂಡನೊಬ್ಬನೇ ಇದ್ದ, ಅವನು ತೀರಿಹೋಗಿದ್ದ. ಜನ ಮಣ್ಣು ಮೆತ್ತಿದರು, ಬಟ್ಟೆ ತುರುಕಿದರು. ಸೋರುವುದು ನಿಲ್ಲಲಿಲ್ಲ.

ಹೀಗಿರುವಾಗ ಬಂಡೆ ಹತ್ತಿ ಒಳನುಸುಳಲು ನೋಡಿದ ಶತ್ರುಸೈನಿಕನೊಬ್ಬ ಸಿಕ್ಕಿಬಿದ್ದ. ಅವನನ್ನು ಗೋಡೆಯಿಂದ ಕೆಳಕ್ಕೆ ನೂಕುವುದೆಂದು ತೀರ್ಮಾನವಾಗಿತ್ತು. ನೋಡಲು ಬಂದವರಲ್ಲಿ ತಖಿಯ್ಯಾಳೂ ಇದ್ದಳು. ಕಟ್ಟಿಹಾಕಿದ ಅವನ ಕೈಗಳ ಮೇಲೆ ಸುಣ್ಣ ಸುಟ್ಟ ಕಲೆಗಳಿದ್ದವು. ಅವಳ ಗಂಡನ ಬೆರಳುಗಳೂ ಹಾಗೆಯೇ ಇದ್ದವು. ಅವಳು ಮನೆಗೆ ಹೋಗಿ ರೊಟ್ಟಿಯನ್ನೂ ತನ್ನ ಪಾಲಿನ ನೀರನ್ನೂ ತಂದು ಅವನಿಗೆ ಕೊಟ್ಟಳು. ಅಲ್ಲಿನ ಕಟ್ಟಳೆಯಂತೆ, ಒಂದು ಮನೆಯ ಅನ್ನ ತಿಂದವನು ಆ ಮನೆಯ ಅತಿಥಿ. ಅವನ ಮೇಲೆ ಕೈಮಾಡುವಂತಿಲ್ಲ. ಕಾವಲಿನವರು ಹಿಂದೆ ಸರಿದರು.

ಆಮೇಲೆ ಅವನನ್ನು ಕೊಳದ ಮೂಲೆಗೆ ಕರೆದೊಯ್ದು ಬಿರುಕು ತೋರಿಸಿದಳು. ಅವನು ಬಿರುಕಿನ ಉದ್ದಕ್ಕೂ ಬೆರಳಾಡಿಸಿ ನೋಡಿದ. ಇದನ್ನು ಹೀಗೇ ಬಿಟ್ಟರೆ ತನ್ನ ಕಡೆಯವರು ಬೇಗ ಗೆದ್ದು ತಮ್ಮೂರಿಗೆ ಮರಳುತ್ತಾರೆಂದು ಅವನಿಗೆ ಗೊತ್ತಿತ್ತು. ಹೂಜಿ ಹಿಡಿದು ಸಾಲಾಗಿ ನಿಂತ ಮಕ್ಕಳೂ ಕಣ್ಣೆದುರಿಗಿದ್ದರು. ಕೊನೆಗೆ ಸುಣ್ಣ ಎಲ್ಲಿದೆ ಎಂದು ಕೇಳಿದನಂತೆ. ಮೂಲೆಗೆ ಮಣ್ಣಿನ ಒಡ್ಡು ಹಾಕಿಸಿ, ನೀರು ತೋಡಿಸಿ, ಸುಣ್ಣಕ್ಕೆ ಕರಿಗಲ್ಲಿನ ಪುಡಿ ಬೆರೆಸಿ ಕುಟ್ಟಿದ; ಬಳಿದದ್ದನ್ನು ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ; ಮೇಲೆ ಕೊಬ್ಬು ಸವರಿದ. ತಖಿಯ್ಯಾ ಪಕ್ಕದಲ್ಲಿ ಕುಳಿತು ಪುಡಿ ಜರಡಿ ಹಿಡಿಯುತ್ತಿದ್ದಳು. ಸೋರುವುದು ನಿಂತಿತು. ಆದರೆ ಒಳಗೆ ಉಳಿದಿದ್ದ ನೀರು ಮೊಣಕಾಲು ಮುಳುಗುವಷ್ಟೂ ಇರಲಿಲ್ಲ.

ಕೆಲಸ ಮುಗಿದ ಮೇಲೆ ಅವನು ತನ್ನವರ ಬಳಿಗೆ ಹೋಗಬೇಕೆಂದ. ನಶ್ವಾನ್ ಒಪ್ಪಲಿಲ್ಲ. ನೀರೆಷ್ಟಿದೆಯೆಂದು ಕಣ್ಣಾರೆ ಕಂಡವನನ್ನು ಕೆಳಗಿಳಿಸಿದರೆ ಊರನ್ನೇ ಒಪ್ಪಿಸಿದಂತೆ ಎಂದ. ಅವನ ಭಯ ಸುಳ್ಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು; ತಖಿಯ್ಯಾಳಿಗೂ ಗೊತ್ತಿತ್ತು.

"ನನ್ನ ಮನೆಯ ರೊಟ್ಟಿ ತಿಂದಿದ್ದಾನೆ, ಒಡೆಯಾ. ಅವನಿಗೆ ಸರಪಳಿ ಹಾಕುವುದಾದರೆ ನನಗೂ ಹಾಕಿಸಿ," ಎಂದಳು.

ಮಗನನ್ನು ಕಳೆದುಕೊಂಡವಳ ಈ ಮಾತಿಗೆ ಮಣಿದು ನಶ್ವಾನ್ ಹಗ್ಗ ತರಿಸಿದ. ಹಗ್ಗ ಕಟ್ಟಿ ಅವನನ್ನು ಬಂಡೆಯ ಕೆಳಗೆ ಇಳಿಸಿದರು. ಊರಿನವರು ಗೋಡೆಯ ಮೇಲೆ ನಿಂತು, ಅವನು ಡೇರೆಗಳ ಕಡೆ ನಡೆದುಹೋಗುವುದನ್ನು ನೋಡುತ್ತಿದ್ದರು.

ದಳಪತಿ ಮೇಲಿನ ನೀರಿನ ಸಂಗತಿ ಕೇಳದೆ ಇರಲಿಲ್ಲ. ಆ ಸೈನಿಕ ಕೊಟ್ಟ ಉತ್ತರ ಮುಂದೆ ವರ್ತಕರ ಬಾಯಿಂದ ಊರಿಗೆ ತಿಳಿಯಿತಂತೆ: "ಅವರ ಕೊಳವನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ. ಅದು ಸೋರುವ ಕೊಳವಲ್ಲ." ಅದರಲ್ಲಿ ಸುಳ್ಳಿರಲಿಲ್ಲ. ಕಣಿವೆಯ ಬಾವಿಗಳೂ ಬತ್ತುತ್ತಿದ್ದುದರಿಂದ ದಳಪತಿ ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಡೇರೆ ಕಿತ್ತ. ಸ್ವಲ್ಪ ಕಾಲಕ್ಕೆ ಮಳೆ ಬಂದು ಕೊಳ ಮೆಟ್ಟಿಲ ತನಕ ತುಂಬಿತು.

ಕೊಳಕ್ಕೆ ಆ ಸೈನಿಕನ ಹೆಸರಿಡಬೇಕೆಂದು ಜನ ಬಯಸಿದರು. ಆದರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದಿನ ಜೊತೆಗೆ ಕುಳಿತು ಕೆಲಸ ಮಾಡಿದವಳು ನೀನಾದರೂ ಕೇಳಲಿಲ್ಲವೇ ಎಂದು ನಶ್ವಾನ್ ತಖಿಯ್ಯಾಳನ್ನು ವಿಚಾರಿಸಿದ.

"ಹೆಸರು ಕೇಳಿದ್ದರೆ, ನನ್ನ ಮಗನನ್ನು ಕೊಂದವನು ನೀನೇನಾ ಎಂದೂ ಕೇಳಬೇಕಾಗುತ್ತಿತ್ತು," ಎಂದಳಂತೆ ಅವಳು.

ಹಾಗಾಗಿ ಅದು ಎದುರಾಳಿಯ ಕೊಳವಾಗಿಯೇ ಉಳಿಯಿತು. ಇಂದಿಗೂ ಹೆಂಗಸರು ಅಲ್ಲಿಂದ ನೀರು ಹೊರುತ್ತಾರೆ. ಬಂದವರು ಮೆಟ್ಟಿಲಿಳಿದು ಮುಖ ತೊಳೆಯುತ್ತಾರೆ. ಗೋಡೆಗಳಿಗೆ ತಲೆಮಾರಿನಿಂದ ತಲೆಮಾರಿಗೆ ಗಾರೆ ಬಳಿಯುತ್ತಲೇ ಬಂದಿರುವುದು ಬಣ್ಣದ ಪದರಗಳಲ್ಲಿ ಕಾಣುತ್ತದೆ. ಪೂರ್ವದ ಮೂಲೆಯಲ್ಲಿ ಒಂದಾಳು ಅಗಲದಷ್ಟು ಜಾಗ ಮಾತ್ರ ಕಪ್ಪಗೆ, ನುಣ್ಣಗೆ ಹೊಳೆಯುತ್ತದೆ. ಅಲ್ಲಿ ಮತ್ತೆ ಕೈಹಚ್ಚುವ ಅಗತ್ಯ ಈವರೆಗೂ ಬಂದಿಲ್ಲ ಎನ್ನುತ್ತಾರೆ.