ಮೂರು ಬಾರಿ ಮುಳುಗಿದವಳು

ನದಿಯ ತಿರುವಿನಲ್ಲಿದ್ದ ಆ ಪಾಠಶಾಲೆಗೆ ಒಂದು ಕಟ್ಟಳೆಯಿತ್ತು. ಹೊಸದಾಗಿ ಒಳಬರುವುದೆಲ್ಲವೂ ಮೊದಲು ನದಿಯಲ್ಲಿ ಮೂರು ಬಾರಿ ಮುಳುಗಿ ಬರಬೇಕು. ಚಾಪೆ, ಮಣೆ, ಕೊಡ, ಶಿಷ್ಯರು: ಯಾರಿಗೂ, ಯಾವುದಕ್ಕೂ ವಿನಾಯಿತಿಯಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮೂರು ತಿಂಗಳೊಳಗೆ ಒಂದು ಪಾಠವನ್ನಾದರೂ ಒಪ್ಪಿಸದವರು ಮನೆಗೆ ಮರಳಬೇಕು.

ನೀಲಾಂಬಿಕೆಯ ಮೂರು ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಅವಳಿಗೆ ಹತ್ತು ವರ್ಷ. ಎಂಟನೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಕಿವಿ ಪೂರ್ತಿ ಹೋಗಿತ್ತು. ಓದಬಲ್ಲಳು, ಮಾತನಾಡಬಲ್ಲಳು, ಕೇಳಲಾರಳು. ಆ ಪಾಠಶಾಲೆಯಲ್ಲಿ ಪುಸ್ತಕವಿರಲಿಲ್ಲ. ಪಾಠವೆಲ್ಲ ಬಾಯಿಂದ ಕಿವಿಗೆ.

ಅಂದು ಬೆಳಿಗ್ಗೆ ಹಿರಿಯ ಶಿಷ್ಯ ಶಾಂತವೀರ ಬಂದು ನೋಡಿದಾಗ ಗುರುಗಳಾದ ನಿರ್ವಾಣಮ್ಮ ಹೊರಜಗಲಿಯ ಮೇಲೆ ಕುಳಿತಿದ್ದರು. ಎದುರಿಗೆ ನೀಲಾಂಬಿಕೆ. ನಡುವೆ ಒಂದು ಟ್ಯಾಬ್.

"ಇದೇನು, ತಾಯಿ?"

"ಹಳೆಯ ಶಿಷ್ಯೆಯೊಬ್ಬಳಿಂದ ತರಿಸಿದೆ. ನಾನು ಆಡಿದ ಮಾತನ್ನು ಇದು ಅಕ್ಷರದಲ್ಲಿ ತೋರಿಸುತ್ತದೆ. ಇವಳು ಓದುತ್ತಾಳೆ."

"ಸರಿಯಾಗಿ ತೋರಿಸುತ್ತದೆಯೇ?"

"ಇಲ್ಲ. ನಾಲ್ಕು ಪದಕ್ಕೊಂದು ತಪ್ಪು. ಎಂಬತ್ತೊಂದನೆಯ ವಯಸ್ಸಿನಲ್ಲಿ ನನ್ನ ಉಚ್ಚಾರಣೆ ತಿದ್ದುವವರೊಬ್ಬರು ಸಿಕ್ಕಿದ್ದಾರೆ."

ತೆರೆಯ ಮೇಲೆ ಮೂಡಿದ ಆ ಮಾತನ್ನು ಓದಿ ನೀಲಾಂಬಿಕೆ ನಕ್ಕಳು. ಶಾಂತವೀರ ನಗಲಿಲ್ಲ.

ಗುರುಗಳ ಬೆರಳು ತೆರೆಯ ಮೇಲೆ ತಡಕಾಡಿತು.

"ಅಲ್ಲಿ ಅಲ್ಲ, ಅಜ್ಜಿ. ಇಲ್ಲಿ ಒತ್ತಿ" ಎಂದಳು ಹುಡುಗಿ.

"ಗುರುಗಳನ್ನು ಅಜ್ಜಿ ಎನ್ನುತ್ತೀಯಾ? ಬುದ್ಧಿಯಿಲ್ಲವೇ?" ಎಂದು ಶಾಂತವೀರ ಗದರಿದ.

ಅದೂ ತೆರೆಯ ಮೇಲೆ ಮೂಡಿತು. ಹುಡುಗಿ ಓದಿ ತಲೆ ತಗ್ಗಿಸಿದಳು.

"ನೋಡು" ಎಂದರು ನಿರ್ವಾಣಮ್ಮ. "ಮೂರು ತಿಂಗಳಿಂದ ಗದರುತ್ತಿದ್ದೀಯೆ. ಇಂದು ಅವಳಿಗೆ ಮುಟ್ಟಿತು."

ಮೂರು ದಿನ ಜಗಲಿಯ ಮೇಲೆಯೇ ಪಾಠ ನಡೆಯಿತು. ಗುರುಗಳು ನಿಧಾನವಾಗಿ ಹೇಳಿದರು. ತಪ್ಪು ಮೂಡಿದಲ್ಲಿ ಮತ್ತೆ ಹೇಳಿದರು. ಹುಡುಗಿ ಓದಿದಳು, ಬಾಯಿಪಾಠ ಮಾಡಿದಳು.

ನಾಲ್ಕನೆಯ ದಿನ ಪಾಠ ಒಪ್ಪಿಸಬೇಕಾಗಿತ್ತು. ಒಪ್ಪಿಸುವುದು ಒಳಗೆ, ಎಲ್ಲರೆದುರು. ಗುರುಗಳು ಮೊದಲು ಪ್ರಶ್ನೆ ಕೇಳುವರು, ಉತ್ತರ ಹೇಳಬೇಕು.

ಶಾಂತವೀರ ಹೊಸ್ತಿಲಿಗೆ ಅಡ್ಡ ನಿಂತ.

"ಹೊಸದು ಮುಳುಗಿ ಬರಬೇಕು, ತಾಯಿ."

"ಮುಳುಗಿದರೆ ಇದು ಕೆಡುತ್ತದೆ."

"ಹಾಗಾದರೆ ಅದು ಒಳಗೆ ಬರತಕ್ಕದ್ದಲ್ಲ."

"ಇದಿಲ್ಲದೆ ಇವಳಿಗೆ ನನ್ನ ಪ್ರಶ್ನೆ ತಿಳಿಯುವುದು ಹೇಗೆ? ನನ್ನ ಕೈ ನಡುಗುತ್ತದೆ, ನೀನು ಬರೆದುಕೊಡು ಎಂದು ಮೊದಲ ತಿಂಗಳೇ ಕೇಳಿದೆ. ಬರೆದೆಯಾ?"

"ಬರೆದ ಪಾಠ ಇಲ್ಲಿ ಪಾಠವಲ್ಲ. ಕಟ್ಟಳೆ ನನ್ನದಲ್ಲ, ನಿಮ್ಮ ಗುರುಗಳದು. ಅದನ್ನು ಮೀರುವುದಾದರೆ ನಾನು ಹೊರಡುತ್ತೇನೆ. ಹದಿನಾಲ್ಕು ವರ್ಷ ಈ ಪಾಠಶಾಲೆಯನ್ನು ಕಾದಿದ್ದೇನೆ."

"ಬಾಗಿಲನ್ನು ಕಾದಿದ್ದೀಯೆ" ಎಂದರು ನಿರ್ವಾಣಮ್ಮ.

ಅವರು ಟ್ಯಾಬ್ ಎತ್ತಿಕೊಂಡು ನದಿಯ ಕಡೆ ನಡೆದರು. ಗುರುಗಳು ಸೋತರೆಂದು ತಿಳಿದು ಶಾಂತವೀರ ಹಿಂದೆಯೇ ನಡೆದ. ನೀಲಾಂಬಿಕೆಯೂ ಹಾಗೆಯೇ ತಿಳಿದಳು. ನದಿಯ ಮೆಟ್ಟಿಲ ಮೇಲೆ ನಿಂತು ಸದ್ದಿಲ್ಲದೆ ಅತ್ತಳು.

ನಿರ್ವಾಣಮ್ಮ ಎದೆಮಟ್ಟದ ನೀರಿಗಿಳಿದರು. ಟ್ಯಾಬ್ ಹಿಡಿದ ಬಲಗೈಯನ್ನು ತಲೆಯ ಮೇಲಕ್ಕೆತ್ತಿದರು. ಮುಳುಗಿದರು.

ನೀರಿನ ಮೇಲೆ ಕೈಯೊಂದೇ ಉಳಿಯಿತು.

ಎದ್ದರು. ಮತ್ತೆ ಮುಳುಗಿದರು. ಎದ್ದರು.

ಮೂರನೆಯ ಬಾರಿ ಆ ಕೈ ನಡುಗಿ ವಾಲಿತು. ಯೋಚಿಸುವ ಮೊದಲೇ ಶಾಂತವೀರ ನೀರಿಗಿಳಿದಿದ್ದ. ಕೈಚಾಚಿ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದ.

ಗುರುಗಳು ಮೇಲೆದ್ದರು. ಟ್ಯಾಬಿನ ಮೇಲೆ ಒಂದು ಹನಿಯೂ ಇರಲಿಲ್ಲ.

"ಮುಳುಗಬೇಕಾದದ್ದು ಅದು, ತಾಯಿ. ಹೊಸದು ಅದು."

"ಇದು ನನ್ನ ಬಾಯಿ, ಅಷ್ಟೆ. ಹೊಸಬಳು ನಾನು. ಮೂರು ದಿನದ ಹಿಂದೆ ಆ ಹುಡುಗಿಯ ಬಳಿ ಕಲಿಯಲು ಸೇರಿದೆ. ಕಟ್ಟಳೆ ಈಗ ಮುಗಿಸಿದ್ದೇನೆ. ಕೈ ಬಿಡು."

ಅವನು ಕೈ ಬಿಟ್ಟ.

ಒದ್ದೆ ಸೀರೆಯಲ್ಲಿಯೇ ನಿರ್ವಾಣಮ್ಮ ಹೊಸ್ತಿಲು ದಾಟಿದರು. ತಮ್ಮ ಮಣೆಯ ಮೇಲೆ ಕೂರಲಿಲ್ಲ. ನೆಲದ ಮೇಲೆ, ನೀಲಾಂಬಿಕೆಯ ಎದುರು ಕುಳಿತರು. ಪ್ರಶ್ನೆ ಕೇಳಿದರು. ಹುಡುಗಿ ತೆರೆಯನ್ನು ನೋಡಿ, ಕಣ್ಣು ಮುಚ್ಚಿ, ಉತ್ತರ ಹೇಳಿದಳು. ಏಳು ಪ್ರಶ್ನೆ, ಏಳು ಉತ್ತರ. ಆಮೇಲೆ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು.

ಶಾಂತವೀರ ಹೊಸ್ತಿಲಾಚೆ ನಿಂತಿದ್ದ. ಅವನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೊರಡುತ್ತೇನೆ ಎಂದಿದ್ದೆ, ತಾಯಿ."

ನಿರ್ವಾಣಮ್ಮ ತಿರುಗಿ ನೋಡಲಿಲ್ಲ.

"ಹೊರಡುವುದಾದರೆ ದಾರಿ ಅಲ್ಲಿದೆ. ಒಳಗೆ ಬರುವುದಾದರೆ, ನೀನಿನ್ನೂ ಸೊಂಟದವರೆಗೆ ಮಾತ್ರ ನೆನೆದಿದ್ದೀಯೆ."