ಅಲೆ ಯಾಕೆ ಮರಳುತ್ತೆ, ದಡಕ್ಕೆ ಯಾಕೆ ಬೇರೆ ಬೇರೆ ಬಣ್ಣ

ಭೂಮಿ ಇನ್ನೂ ಹಸಿ ಇತ್ತು. ಬೆರಳಿಟ್ಟರೆ ಗುರುತು ಬೀಳ್ತಿತ್ತು, ಅಂಥ ಕಾಲ. ಬೇರೆಯೋರು ಏನೇನೋ ಹೇಳ್ತಾರೆ, ಹೇಳ್ಲಿ. ನಡೆದದ್ದು ಹಿಂಗೆ.

ನಮ್ಮ ಸಮುದ್ರಕ್ಕಿಂತ ಬಲು ಆಚೆ ಮೆಡಿಟರೇನಿಯನ್ ಅಂತ ಇನ್ನೊಂದು ಸಮುದ್ರ ಐತೆ. ಅದರ ನಡುಮಧ್ಯೆ ಒಂದು ದ್ವೀಪ. ಈಗ ಅಲ್ಲಿನ ದಡ ನೋಡೋಕೆ ಅಂತಲೇ ಜನ ಹಡಗು ಹತ್ತಿ ಹೋಗ್ತಾರೆ. ಆಗ ದಡಾನೇ ಇರ್ಲಿಲ್ಲ. ಸುತ್ತ ಬರೀ ಬಂಡೆ, ನೀರಿಂದ ನೆಟ್ಟಗೆ ಎದ್ದ ಗೋಡೆ.

ಆ ಬಂಡೆ ಸುತ್ತ ಚಿಪ್ಪವ್ವ ಅನ್ನೋ ಕಡಲಾಮೆ ಸುತ್ತುತಾ ಇದ್ಲು. ಹೊಟ್ಟೆ ತುಂಬ ಮೊಟ್ಟೆ. ನೀರಲ್ಲಿ ಇಟ್ರೆ ಮುಳುಗಿ ಸಾಯ್ತವೆ, ಬಂಡೆ ಮೇಲೆ ಇಟ್ರೆ ಒಡೀತವೆ. ಮೆತ್ತಗಿನ ಜಾಗ ಒಂಚೂರು ಸಿಕ್ಕಿದ್ರೆ ಸಾಕಿತ್ತು. ಸುತ್ತಿದ್ಲು, ಇಲ್ಲ. ಮತ್ತೆ ಸುತ್ತಿದ್ಲು, ಇಲ್ಲ. ಹೊಟ್ಟೆ ಭಾರ ಏರ್ತಾ ಇತ್ತು, ನಿಲ್ಲೋಕೂ ಭಯ.

ಕೆಂಪು ಬಂಡೆ ಹತ್ರ ಹೋಗಿ, ಒಂಚೂರು ಪುಡಿ ಉದುರಿಸಪ್ಪ ಅಂತ ಕೇಳಿದ್ಲು. ನಾನು ಬೆಂಕಿಗೆ ಹುಟ್ಟಿದೋನು, ಉದುರೋ ಪೈಕಿ ಅಲ್ಲ ಅಂತು. ಬಿಳಿ ಬಂಡೆ ತನ್ನ ಬಣ್ಣ ತಾನೇ ಹೊಗಳ್ಕೊಂಡು ಕೂತಿತ್ತು, ಕಿವಿಗೇ ಹಾಕ್ಕೊಳ್ಳಲಿಲ್ಲ. ಕರೀ ಬಂಡೆ ಬರೀ ನಕ್ಕುಬಿಡ್ತು.

ಉಳಿದೋಳು ಅಲೆಯಕ್ಕ ಒಬ್ಬಳೇ. ಆಗಿನ ಅಲೆ ಈಗಿನಂಗಲ್ಲ. ಬಂಡೆಗೆ ಒಂದೇ ಏಟು ಹೊಡೆಯೋಳು, ಆಮೇಲೆ ಅದರ ಬುಡಕ್ಕೇ ಒರಗಿ ಬಿದ್ಕೊಳ್ಳೋಳು. ಕೇಳಿದ್ರೆ, ಗೆದ್ದ ಜಾಗ ಬಿಟ್ಟು ಕದಲಬಾರದು ಅಂತ ಜಂಬ.

"ಏನು ಗೆದ್ದೆ ಅಲೆಯಕ್ಕ?" ಅಂದ್ಲು ಚಿಪ್ಪವ್ವ. "ಬಂಡೆಗೆ ಒಂದು ಗೀರೂ ಬಿದ್ದಿಲ್ಲ. ಹಿಂದಕ್ಕೆ ಹೋಗಿ ಇನ್ನೊಂದು ಕೊಡು."

"ಹಿಂದಕ್ಕಾ? ಹೆದರಿ ಓಡಿದ್ಲು ಅಂತ ಮೀನುಮರಿ ಕೂಡ ಆಡ್ಕೋತವೆ."

ಚಿಪ್ಪವ್ವನಿಗೆ ರೇಗ್ತು. ಮೇಲೆ ಗುಡ್ಡದಲ್ಲಿ ಎರಡು ಟಗರು ಕಾದಾಡ್ತಿದ್ವು. ಕತ್ತೆತ್ತಿ ತೋರಿಸಿದ್ಲು. "ಅಲ್ಲಿ ನೋಡು. ಆ ಟಗರು ಹಿಂದಕ್ಕೆ ಹೋಗ್ತಿರೋದು ಹೆದರ್ಕೊಂಡಾ? ಓಡಿ ಬಂದು ಗುಮ್ಮೋಕೆ ಕಣಕ್ಕ."

ಅಲೆಯಕ್ಕ ನೋಡಿದ್ಲು. ಟಗರು ಹಿಂದೆ ಸರೀತು, ಓಡಿ ಬಂತು, ಗುಮ್ಮಿತು. ಎದುರಿಂದು ಕಾಲು ಮಡಚಿ ಕೂತ್ಬಿಡ್ತು. ಅಲೆಯಕ್ಕನಿಗೆ ಮೈಯೆಲ್ಲ ಜುಮ್ಮಂತು. ಯಾವಾಗ ಹೋಗ್ಬೇಕು ಅಂತ ನೀನೇ ಹೇಳು, ಸಾಕು ಅಂತ ನೀನು ಹೇಳೋ ತನಕ ನಾನು ಬಿಡಲ್ಲ ಅಂದ್ಲು.

ಆ ಕಾಲದಲ್ಲಿ ಹಿಂದಕ್ಕೆ ಹೋಗು ಅನ್ನೋಕೆ 'ಮರಳು' ಅನ್ನೋರು. ಅಲೆ ಹೊಡೆದ್ಲು. ಮರಳು, ಅಂದ್ಲು ಚಿಪ್ಪವ್ವ. ಹೋದ್ಲು, ಬಂದ್ಲು, ಹೊಡೆದ್ಲು. ಮರಳು. ಮತ್ತೆ ಹೊಡೆದ್ಲು. ಮರಳು. ಗಂಟಲು ಕಟ್ತು, ಆದ್ರೂ ಬಿಡಲಿಲ್ಲ. ಕೆಂಪು ಬಂಡೆ ಬಿರುಕು ಬಿಟ್ಟು ಕೆಂಪು ಪುಡಿ ಸುರೀತು. ಬಿಳೀದು ರಾಗಿಕಲ್ಲಿಂದ ಹಿಟ್ಟು ಬಿದ್ದಂಗೆ ಉದುರ್ತು. ಕರೀದು ಹಠಮಾರಿ, ಪುಡಿ ಆಗ್ಲಿಲ್ಲ. ಗುಂಡುಗುಂಡು ಕಲ್ಲಾಗಿ ಉರುಳ್ತು.

ಬಂಡೆ ಸಂದಿಯಿಂದ ಏಡಿಗಳು ಇಣುಕಿದ್ವು. ಆಮೆ ಮರಳು ಮರಳು ಅಂತಾಳೆ, ಅಂದಂಗೆಲ್ಲ ಈ ಪುಡಿ ಬೀಳ್ತದೆ. ಓಹೋ, ಇದರ ಹೆಸರೇ ಮರಳು ಅಂದ್ಕೊಂಡು ಸಮುದ್ರದ ತುಂಬ ಸಾರಿಬಿಟ್ವು. ಏಡಿ ನಡಿಗೆನೂ ಅಡ್ಡ, ಬುದ್ಧಿನೂ ಅಡ್ಡ. ಏನ್ಮಾಡೋದು, ಆ ಹೆಸರೇ ನಿಂತೋಯ್ತು.

ಚಿಪ್ಪವ್ವ ತೆವಳಿ ತೆವಳಿ ಬಿಳಿ ಮರಳು ಹತ್ತಿದ್ಲು. ಗುಂಡಿ ತೋಡಿದ್ಲು, ಮೊಟ್ಟೆ ಇಟ್ಲು, ಮುಚ್ಚಿದ್ಲು. ಒಂದೂ ಒಡೀಲಿಲ್ಲ. ಅಷ್ಟಾದ್ಮೇಲೆ ಮೈಯಲ್ಲಿ ಜೀವ ಉಳಿದಿರ್ಲಿಲ್ಲ. ನೀರಿಗೆ ಜಾರಿ, ನಿದ್ದೆಗಣ್ಣಲ್ಲೇ ತೇಲ್ಕೊಂಡು ಹೋಗ್ಬಿಟ್ಲು.

ಸಾಕು ಅನ್ನೋದು ಮರೆತೇ ಹೋಯ್ತು.

ಬಂಡೆಗಳು ಸಾಕಮ್ಮ ಸಾಕು ಅಂತ ಬೇಡ್ಕೊಂಡ್ವು. ಹೇಳ್ಬೇಕಾದೋಳು ಹೇಳ್ಲಿ ಅಂದ್ಲು ಅಲೆಯಕ್ಕ. ಅವಳನ್ನ ನೋಡಿ ಲೋಕದ ಅಲೆಗಳೆಲ್ಲ ಅದನ್ನೇ ಕಲ್ತವು.

ಅದಕ್ಕೇ ಮಕ್ಕಳೆ, ಇವತ್ತು ಆ ದ್ವೀಪಕ್ಕೆ ಹೋದ್ರೆ ಒಂದು ಕಡೆ ಕೆಂಪು ದಡ, ಒಂದು ಕಡೆ ಬಿಳಿ ದಡ, ಇನ್ನೊಂದು ಕಡೆ ಕಾಲು ಜಾರಿಸೋ ಕರೀ ಗುಂಡುಕಲ್ಲು. ನಮ್ಮ ಸಮುದ್ರದಲ್ಲೂ ಅಲೆ ಬರುತ್ತೆ, ಹೊಡೆಯುತ್ತೆ, ನಿಮ್ಮ ಪಾದದ ಅಡಿಯ ಮರಳನ್ನ ಎಳ್ಕೊಂಡು ಹಿಂದಕ್ಕೆ ಹೋಗುತ್ತೆ, ಸಾಕು ಅಂತ ಇನ್ನೂ ಯಾರೂ ಹೇಳಿಲ್ವಲ್ಲ.